ಬಯಲಿಲ್ಲದ ಬಯಲಾಟ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಯಕ್ಷಗಾನದ ಧ್ವನಿಮುದ್ರಿಕೆಯೊಂದು ಮನೆಗೆ ಬಂದು, ಅದರ ವಿಷಯವಾಗಿ ಊಟದ ಪಂಕ್ತಿಯಲ್ಲಿ ಒಂದು ಸಣ್ಣ ಜಗಳವಾದರೂ ಆಗದಿದ್ದರೆ ಆ ಮುದ್ರಿಕೆಯಲ್ಲಿ ಹುರುಳಿಲ್ಲವೆಂದೇ ತಿಳಿಯಬೇಕು. ಭಾಗವತರ ಕಂಠ ಎಷ್ಟು ಮೇಲೇರಿತೆಂದು ಹಿಗ್ಗುವವರೊಬ್ಬರು, ಏರಿದ್ದೇ ತಪ್ಪೆನ್ನುವವರು ಇನ್ನೊಬ್ಬರು. ಚಂಡೆಯ ಸದ್ದು ಅತಿಯಾಯಿತೆಂದು ಅತ್ತೆಯವರು. ಚಂಡೆಯಿಲ್ಲದ ಮೇಲೆ ಯುದ್ಧವೆಲ್ಲಿಯದು ಎಂದು ಅಳಿಯಂದಿರು. ರಾಗ, ತಾಳ, ಕಂಠ, ಮದ್ದಳೆ—ಎಲ್ಲದರ ಮೇಲೂ ತೀರ್ಪು ಹೊರಬೀಳುತ್ತದೆ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಪೆಟ್ಟಿಗೆಯಿಂದ ಹೊರಟು ಕಿವಿಗೆ ಬಿದ್ದದ್ದು ಆಟವೋ, ಅಥವಾ ಆಟದಿಂದ ಕಿತ್ತು ತಂದ ಹಾಡುಗಳ ಸರವೋ?

ಈ ಪ್ರಶ್ನೆ ಮಲೆನಾಡಿಗೆ ಮಾತ್ರ ಮೀಸಲಾದುದಲ್ಲ. ಪಾಶ್ಚಾತ್ಯರು ಆಪೆರಾ ಎಂದು ಕರೆಯುವ ಗೀತನಾಟಕವನ್ನು ಗ್ರಾಮಫೋನ್ ತಟ್ಟೆಗೆ ಹಿಡಿಯತೊಡಗಿದಂದಿನಿಂದಲೂ ಅಲ್ಲಿಯ ರಸಿಕರನ್ನು ಇದೇ ಸಂದೇಹ ಕಾಡುತ್ತಿದೆ. ಅಲ್ಲಿಯೂ ನಾಟಕವು ಸಂಗೀತದ ಹೆಗಲೇರಿ ನಡೆಯುತ್ತದೆ. ಅಲ್ಲಿಯೂ ಕಥೆ ಎಲ್ಲರಿಗೂ ಮೊದಲೇ ಗೊತ್ತು. ಅಲ್ಲಿಯೂ ನೋಡುವವರು ಗಂಟೆಗಟ್ಟಲೆ ಅಲುಗದೆ ಕುಳಿತಿರುತ್ತಾರೆ. ಅಂಥ ನಾಟಕವನ್ನು ಮುದ್ರಣದ ಸ್ಟುಡಿಯೋ ಒಳಕ್ಕೆ ಒಯ್ದರೆ ವೇಷವಿಲ್ಲ, ದೀಪವಿಲ್ಲ, ಸಭೆಯಿಲ್ಲ. ಉಳಿಯುವುದು ಕಂಠ, ವಾದ್ಯ ಮತ್ತು ಮಾತು. ಈ ಮೂರರಿಂದಲೇ ರಂಗಸ್ಥಳವನ್ನು ಮತ್ತೆ ಕಟ್ಟಬೇಕು. ಕಟ್ಟಿದರೇ ಇಲ್ಲವೇ ಎಂಬುದೇ ಅಲ್ಲಿನ ವಿಮರ್ಶೆಯ ತಿರುಳು. ಫ್ರಾನ್ಸಿನ ಒಂದು ಗೀತನಾಟಕದ ಕಥೆಯನ್ನು ತುಸು ವಿವರವಾಗಿ ತಿಳಿದುಕೊಂಡರೆ ತೀರ್ಥಹಳ್ಳಿಯ ಜಗಳವೂ ಬೇಗ ತಿಳಿಯಾದೀತು.

ಜಾರ್ಜ್ ಬಿಜೆ ಎಂಬ ಸಂಗೀತಕಾರನ ‘ಕಾರ್ಮೆನ್’ 1875ರ ಮಾರ್ಚ್ 3ರಂದು ಪ್ಯಾರಿಸ್ಸಿನ ಒಪೆರಾ ಕೊಮಿಕ್ ರಂಗಮಂದಿರದಲ್ಲಿ ಮೊದಲು ಪ್ರಯೋಗವಾಯಿತು. ಹೆಸರಿನಲ್ಲಿ ‘ಕೊಮಿಕ್’ ಎಂದಿದ್ದರೂ ಅದು ನಗೆನಾಟಕದ ಮನೆಯಲ್ಲ. ಹಾಡುಗಳ ನಡುವೆ ಸಾದಾ ಮಾತು ಬರುವ ಗೀತನಾಟಕಗಳಿಗೆ ಅಲ್ಲಿ ಆ ಹೆಸರು. ಸೆವಿಲ್ ನಗರದ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ದುಡಿಯುವ ಕಾರ್ಮೆನ್, ಅವಳಿಗಾಗಿ ಸೈನ್ಯವನ್ನೂ ಮಾನವನ್ನೂ ತೊರೆದ ಹೋಸೆ, ನಡುವೆ ಬಂದ ಗೂಳಿಕಾಳಗದ ವೀರ—ಕೊನೆಗೆ ಕೊಲೆ. ಮೊದಲ ಪ್ರೇಕ್ಷಕರಿಗೆ ಇದು ರುಚಿಸಲಿಲ್ಲ. ಮೂರು ತಿಂಗಳು ತುಂಬಿದ ದಿನವೇ, ಜೂನ್ 3ರಂದು, ಬಿಜೆ ತೀರಿಕೊಂಡನು. ಆಗ ಅವನ ವಯಸ್ಸು ಮೂವತ್ತಾರು. ಅದೇ ವರ್ಷ ವಿಯೆನ್ನಾದ ಪ್ರಯೋಗಕ್ಕೆಂದು ಅವನ ಗೆಳೆಯ ಅರ್ನೆಸ್ಟ್ ಗಿರೋ ನಾಟಕದ ಮಾತುಗಳನ್ನು ಮೊಟಕುಗೊಳಿಸಿ ರಾಗಕ್ಕೆ ಕಟ್ಟಿದನು. ಲೋಕವನ್ನೆಲ್ಲ ಸುತ್ತಿದ್ದು ಈ ಹೊಸ ರೂಪವೇ. ಮುಕ್ಕಾಲು ಶತಮಾನಕ್ಕೂ ಮಿಕ್ಕಿ ಹೆಚ್ಚಿನ ಕಡೆ ಜನ ‘ಕಾರ್ಮೆನ್’ ಎಂದು ಕೇಳಿದ್ದು ಮಾತನ್ನು ಕಳೆದುಕೊಂಡ ‘ಕಾರ್ಮೆನ್’ ಅನ್ನು.

ಆದುದರಿಂದ ಈ ಗೀತನಾಟಕದ ಮುದ್ರಿಕೆ ಬಂದಾಗಲೆಲ್ಲ ಬಲ್ಲವರು ಮೊದಲು ಹುಡುಕುವುದು ಮಾತನ್ನು. 1950ರಲ್ಲಿ ಆಂದ್ರೆ ಕ್ಲುಯಿತಾನ್ಸರ ನಿರ್ದೇಶನದಲ್ಲಿ ಅದೇ ಒಪೆರಾ ಕೊಮಿಕ್‌ನ ವಾದ್ಯವೃಂದ ಮತ್ತು ಮೇಳದವರು ಮಾಡಿದ ಮುದ್ರಿಕೆಯಲ್ಲಿ ಸಂಭಾಷಣೆಯುಂಟು. ಕಾರ್ಮೆನ್ ಆಗಿ ಸೊಲಾಂಜ್ ಮಿಶೆಲ್, ಹೋಸೆಯಾಗಿ ರಾವುಲ್ ಜೊಬಾಂ. ಇವರ ಕಂಠಗಳು ಲೋಕೋತ್ತರವಾದವೇನೂ ಅಲ್ಲ. ಧ್ವನಿಯ ಸೌಲಭ್ಯವೂ ಆ ಕಾಲಕ್ಕೆ ತಕ್ಕಷ್ಟೇ. ಆದರೂ ಒಂದು ನಾಟಕ ಕಣ್ಣೆದುರು ಓಡುತ್ತಿರುವ ಭಾವನೆ ಮೊದಲಿನಿಂದ ಕೊನೆಯವರೆಗೆ ಬಿಡುವುದಿಲ್ಲ. ಒಂದೇ ಮನೆಯಲ್ಲಿ ಬಳಕೆಯಾದವರು ಅಡುಗೆಮನೆಯಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ತಾಗದಂತೆ ಓಡಾಡುವುದಿಲ್ಲವೆ, ಹಾಗೆ. ಮಾತು ಮುಗಿಯುವಷ್ಟರಲ್ಲಿ ಹಾಡು ಅದರ ಬಗಲಿನಲ್ಲಿಯೇ ಇರುತ್ತದೆ.

1964ರಲ್ಲಿ ಮರಿಯಾ ಕಲ್ಲಾಸ್ ಪ್ಯಾರಿಸ್ಸಿನಲ್ಲಿ ಇದೇ ಪಾತ್ರವನ್ನು ಮುದ್ರಿಸಿದರು. ಅಲ್ಲಿರುವುದು ಗಿರೋ ಕಟ್ಟಿದ ರೂಪ. ಆಶ್ಚರ್ಯವೆಂದರೆ ಆ ಮಹಾಗಾಯಕಿ ಕಾರ್ಮೆನ್ ಆಗಿ ರಂಗದ ಮೇಲೆ ಒಮ್ಮೆಯೂ ನಿಂತವರಲ್ಲ. ಆಕೆಯ ಕಾರ್ಮೆನ್ ಹುಟ್ಟಿದ್ದೂ ಬಾಳಿದ್ದೂ ಸ್ಟುಡಿಯೋದಲ್ಲಿಯೇ. ಆದರೇನು? ಇಸ್ಪೀಟಿನ ಎಲೆಗಳಲ್ಲಿ ತನ್ನ ಸಾವನ್ನು ಕಾಣುವ ದೃಶ್ಯದಲ್ಲಿ ಆ ಕಂಠ ಕತ್ತಲೆಗೆ ಇಳಿಯುವ ಬಗೆಯನ್ನು ಕೇಳಿದವರು, ರಂಗವನ್ನೇ ಕಾಣದ ಪಾತ್ರವೆಂದು ಅದನ್ನು ತಳ್ಳಿಹಾಕಲಾರರು. ಮುಂದೆ 1980ರ ದಶಕದಲ್ಲಿ ಕಾರಾಯಾನ್ ನಿರ್ದೇಶಿಸಿದ ಮುದ್ರಿಕೆಯೊಂದು ಬಂದಿತು. ಅದರಲ್ಲಿ ಮಾತನ್ನು ಉಳಿಸಿದರು ಸರಿ. ಆಡಿಸಿದ್ದು ಮಾತ್ರ ಹಾಡುವವರಿಂದಲ್ಲ, ಬೇರೆ ನಟರಿಂದ! ಹಾಡುವ ಹೋಸೆ ಒಬ್ಬ, ಮಾತನಾಡುವ ಹೋಸೆ ಇನ್ನೊಬ್ಬ. ಒಂದೇ ದೇಹದಲ್ಲಿ ಎರಡು ಜೀವ ಹೊಕ್ಕಂತಾಯಿತೆಂದು ಕೇಳುವವರಿಗೆ ಕಸಿವಿಸಿ.

ಇಲ್ಲಿ ಮಲೆನಾಡಿನ ವಾಚಕರು ನಗಬಹುದು. ಪ್ಯಾರಿಸ್ಸಿನವರಿಗೆ ಯಾವುದು ದೋಷವೋ ಇಲ್ಲಿ ಅದೇ ಶಾಸ್ತ್ರ. ಯಕ್ಷಗಾನದಲ್ಲಿ ಕರ್ಣನಿಗೂ ಹಾಡುವವರು ಭಾಗವತರೇ, ಅರ್ಜುನನಿಗೂ ಅವರೇ. ಶೋಕದ ಹೆಣ್ಣಿಗೂ ಕ್ರೋಧದ ರಕ್ಕಸನಿಗೂ ಅದೇ ಕಂಠ. ಮಾತು ಮಾತ್ರ ಪಾತ್ರಧಾರಿಯದು. ಎರಡು ಬಾಯಿ, ಒಂದು ಜೀವ. ಹಾಗಿರುವಾಗ ಯಕ್ಷಗಾನದ ಮುದ್ರಿಕೆಯನ್ನು ತೂಗಬೇಕಾದ ತಕ್ಕಡಿ ಎಲ್ಲಿದೆಯೆಂದರೆ, ಪದವು ಮಾತಿಗೆ ಕೂಡುವ ಆ ಬೆಸುಗೆಯಲ್ಲಿ. ಬೆಸುಗೆ ಬಿಗಿಯಾಗಿದ್ದರೆ ಆಟವುಂಟು. ಬಿಟ್ಟುಕೊಂಡಿದ್ದರೆ ಕಂಠ ಎಷ್ಟೇ ಇಂಪಾಗಿರಲಿ, ಅದು ಹಾಡಿನ ಕಛೇರಿ.

ಈ ತೀರ್ಪನ್ನು ಕೊಡುವ ಯೋಗ್ಯತೆ ಈ ಮೂರು ತಾಲ್ಲೂಕುಗಳ ಜನಕ್ಕೆ ಇನ್ನಾರಿಗಿಂತಲೂ ಹೆಚ್ಚಾಗಿಯೇ ಇದೆ. ಏಕೆಂದರೆ ಕಿವಿಯಿಂದಲೇ ಯಕ್ಷಗಾನವನ್ನು ಕಾಣುವುದು ಇಲ್ಲಿ ಯಂತ್ರದೊಡನೆ ಬಂದ ಹವ್ಯಾಸವಲ್ಲ. ದೀಪಾವಳಿಯ ತರುವಾಯ ಕರಾವಳಿಯ ಮೇಳಗಳು ಆಗುಂಬೆ, ಹುಲಿಕಲ್ಲು, ಕೊಲ್ಲೂರಿನ ಘಟ್ಟಗಳನ್ನೇರಿ ಬರುತ್ತವೆ. ಮಂದಾರ್ತಿಯ ಮೇಳಕ್ಕೆ ಹರಕೆ ಹೊತ್ತ ಮನೆಗಳು ಈ ಸೀಮೆಯಲ್ಲಿ ಬಹಳ. ಅದು ಆಟದ ಕಾಲ. ಮಳೆ ಹಿಡಿದು ಬಯಲೆಲ್ಲ ನೀರಾದ ಮೇಲೆ ಕೂಟದ ಕಾಲ. ಜಗುಲಿಯ ಮೇಲೆ ಕಂಬಳಿ ಹಾಸಿ, ನಡುವೆ ಭಾಗವತರು ಮದ್ದಳೆಯವರೊಡನೆ ಕುಳಿತರೆ, ಅತ್ತ ಇತ್ತ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಕಿರೀಟವಿಲ್ಲ. ಪಂಚೆ ಉಟ್ಟು ಹೆಗಲಿಗೆ ಶಾಲು ಹಾಕಿದವರೇ ವಾಲಿ, ರಾಮ, ಕೃಷ್ಣ, ಕೌರವ. ತಾಳಮದ್ದಳೆ ಎಂಬ ಈ ಕೂಟದಲ್ಲಿ ಸ್ಟುಡಿಯೋ ಕಳೆದುಕೊಳ್ಳುವುದೆಲ್ಲ ಮೊದಲೇ ಕಳೆದಿದೆ. ಆದರೂ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವಾಗ, ಹೊರಗೆ ಸುರಿಯುವ ಮಳೆಯನ್ನು ಮರೆತು ಮುದುಕರು ಕಣ್ಣೊರೆಸಿಕೊಳ್ಳುತ್ತಾರೆ. ಆದುದರಿಂದ ‘ಕಣ್ಣಿಗೆ ಕಾಣದ ಮೇಲೆ ಮುದ್ರಿಕೆಯಲ್ಲಿ ರಸವೆಲ್ಲಿಂದ ಬಂದೀತು’ ಎಂಬ ನೆವ ಇಲ್ಲಿ ನಡೆಯುವುದಿಲ್ಲ.

ಭದ್ರಾವತಿಯಲ್ಲಿ 1965ರಲ್ಲಿಯೂ ಮಂಗಳೂರಿನಲ್ಲಿ 1976ರಲ್ಲಿಯೂ ಆಕಾಶವಾಣಿ ಕೇಂದ್ರಗಳು ತೆರೆದ ಮೇಲೆ ರೇಡಿಯೋ ಯಕ್ಷಗಾನಕ್ಕೆ ಕಾದು ಕುಳಿತ ಮನೆಗಳೆಷ್ಟೋ. ಕೆಲವು ವರ್ಷಗಳಲ್ಲಿ ಕ್ಯಾಸೆಟ್ಟು ಬಂದಿತು. ಅಡಿಕೆ ಕೊಯ್ಲಿನ ದಿನಗಳಲ್ಲಿ, ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುವವರ ನಡುವೆ ಒಂದು ಟೇಪ್ ರೆಕಾರ್ಡರ್ ಇಟ್ಟರೆ ಸಾಕು, ನಿದ್ರೆ ಹತ್ತಿರ ಸುಳಿಯದು. ಆ ಕಾಲದ ಕಂಠ ಗುಂಡ್ಮಿ ಕಾಳಿಂಗ ನಾವಡರದು. 1958ರಲ್ಲಿ ಹುಟ್ಟಿ, ಸಾಲಿಗ್ರಾಮ ಮೇಳದ ಭಾಗವತರಾಗಿ ಮನೆಮಾತಾದ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಭಿಮಾನಿಗಳು ರಂಗಸ್ಥಳದ ಬದಿಯಲ್ಲಿ ಕುಳಿತು ಟೇಪಿಗೆ ಹಿಡಿದ ಅವರ ಪದಗಳು ಪ್ರತಿಯಿಂದ ಪ್ರತಿಗೆ, ಮನೆಯಿಂದ ಮನೆಗೆ ಹೋದವು. ಪ್ರತಿಯ ಪ್ರತಿಯಲ್ಲಿ ಗರಗರ ಸದ್ದು, ನಡುವೆ ಯಾರದೋ ಕೆಮ್ಮು, ಎಲ್ಲೋ ಒಂದು ಕೂಸಿನ ಅಳು. ಆದರೂ ಮೂವತ್ತು ವರ್ಷಗಳ ಮೇಲೂ ಆ ಟೇಪುಗಳಿಗೆ ಜೀವ ಹೋಗಿಲ್ಲ.

ಹಾಗೆಂದು ಬಯಲಿನಲ್ಲಿ ಹಿಡಿದುದೆಲ್ಲ ಚಿನ್ನ, ಸ್ಟುಡಿಯೋದಲ್ಲಿ ಮಾಡಿದುದೆಲ್ಲ ಹಿತ್ತಾಳೆ ಎಂಬ ಮಾತು ಸರಿಯಲ್ಲ. ಸ್ಟುಡಿಯೋ ಕೊಡುವ ಲಾಭವೂ ದೊಡ್ಡದೇ. ಚಂಡೆಯ ಅಬ್ಬರದಲ್ಲಿ ಬಯಲಿನಲ್ಲಿ ಮುಳುಗಿಹೋಗುತ್ತಿದ್ದ ಸಾಹಿತ್ಯ ಇಲ್ಲಿ ಅಕ್ಷರ ಅಕ್ಷರವಾಗಿ ಕೇಳುತ್ತದೆ. ನಲವತ್ತು ವರ್ಷ ಆಟ ನೋಡಿಯೂ ಒಂದು ಪದದ ಸಾಲನ್ನು ತಪ್ಪಾಗಿಯೇ ಗುನುಗುತ್ತಿದ್ದವರು, ನಿಜವಾದ ಶಬ್ದ ಯಾವುದೆಂದು ಮುದ್ರಿಕೆಯಿಂದಲೇ ತಿಳಿದದ್ದುಂಟು. ಮದ್ದಳೆಯ ಎಡದ ಗುಂಕಾರವೂ ಬಲದ ಚಾಪಿನ ನಾದವೂ ಬೇರೆಬೇರೆಯಾಗಿ ಕೇಳುತ್ತವೆ. ಶ್ರುತಿ ಕದಲದು. ಅಪಸ್ವರವಾದರೆ ಮತ್ತೊಮ್ಮೆ ಹಾಡಬಹುದು—ಬಯಲಿನಲ್ಲಿ ಆ ಭಾಗ್ಯವಿಲ್ಲ!

ಕೇಡು ಹೊಕ್ಕಿರುವುದು ಬೇರೆ ಕಡೆಯಿಂದ. ಆಟವೊಂದು ಇಡೀ ರಾತ್ರಿ ನಡೆಯುವಂಥದು. ಕ್ಯಾಸೆಟ್ಟಿನ ಒಂದು ಬದಿಗೆ ಅರ್ಧ ಗಂಟೆ ಅಥವಾ ಮುಕ್ಕಾಲು ಗಂಟೆ. ಕತ್ತರಿಸದೆ ವಿಧಿಯಿಲ್ಲ. ಕತ್ತರಿಗೆ ಮೊದಲು ಸಿಕ್ಕಿದ್ದು ಮಾತು. ಪದಗಳನ್ನು ಉಳಿಸಿ ಅರ್ಥವನ್ನು ನಾಲ್ಕು ವಾಕ್ಯಕ್ಕೆ ಇಳಿಸಿದರು. ಕೆಲವು ಮುದ್ರಿಕೆಗಳಲ್ಲಿ ಅದೂ ಇಲ್ಲ. ‘ಕಾರ್ಮೆನ್’ಗೆ ಗಿರೋ ಮಾಡಿದಂತೆ ಇಲ್ಲಿ ಮಾತಿಗೆ ಬದಲಾಗಿ ರಾಗವನ್ನಾದರೂ ಯಾರೂ ಕಟ್ಟಲಿಲ್ಲ, ಅದರ ಜಾಗವನ್ನು ಖಾಲಿ ಬಿಟ್ಟರು. ಒಂದು ಪದ ಮುಗಿದೊಡನೆ ಇನ್ನೊಂದು. ಶೋಕದ ಬೆನ್ನಿಗೆ ಶೃಂಗಾರ, ಅದರ ಬೆನ್ನಿಗೆ ಏರುಪದ. ಹೋಳಿಗೆಯ ಹೂರಣವನ್ನಷ್ಟೇ ಬಟ್ಟಲು ತುಂಬ ತಿನ್ನಿಸಿದರೆ ಎಂಥ ಸಿಹಿಪ್ರಿಯನೂ ಮೂರನೆಯ ತುತ್ತಿಗೆ ಮುಖ ತಿರುಗಿಸುತ್ತಾನೆ.

ಅರ್ಥವೆಂದರೆ ಪದದ ಅನುವಾದವಲ್ಲ. ಪ್ರಸಂಗದ ಕವಿ ನಾಲ್ಕು ಸಾಲಿನಲ್ಲಿ ಬೀಜವಿಟ್ಟು ಹೋಗುತ್ತಾನೆ. ಅದನ್ನು ಮರವಾಗಿಸುವುದು ಪಾತ್ರಧಾರಿ, ಅದೂ ಆ ಕ್ಷಣಕ್ಕೆ ಹೊಳೆದ ಮಾತಿನಿಂದ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕುಳಿತಲ್ಲಿ ವಾಲಿಗೆ ಒಂದು ನ್ಯಾಯಶಾಸ್ತ್ರವೇ ಹುಟ್ಟುತ್ತಿತ್ತು. ಬರೆದುಕೊಳ್ಳದ, ಬಾಯಿಪಾಠವಲ್ಲದ, ಪರಭಾಷೆಯ ಶಬ್ದ ಸುಳಿಯದ ಅಷ್ಟು ಉದ್ದದ ಕನ್ನಡ ಇನ್ನಾವ ವೇದಿಕೆಯಲ್ಲಿಯೂ ಕೇಳಸಿಗುವುದು ದುರ್ಲಭ. ಸ್ಟುಡಿಯೋದಲ್ಲಿ ಸಮಯದ ಭಯಕ್ಕೆ ಇದನ್ನು ಮೊದಲೇ ಬರೆದು ಓದಿಸುವ ಪದ್ಧತಿಯುಂಟು. ಬಲ್ಲ ಕಿವಿಗೆ ಅದು ಎರಡನೆಯ ವಾಕ್ಯಕ್ಕೇ ತಿಳಿದುಬಿಡುತ್ತದೆ. ಓದಿದ ಮಾತು ನುಣುಪಾಗಿರುತ್ತದೆ, ಎಲ್ಲಿಯೂ ತಡವರಿಸುವುದಿಲ್ಲ. ಹುಟ್ಟಿದ ಮಾತು ಒಂದು ಗಳಿಗೆ ತಡೆದು ಶಬ್ದವನ್ನು ಹುಡುಕುತ್ತದೆ, ಸಿಕ್ಕಿದೊಡನೆ ಹಾರುತ್ತದೆ. ಇದಿರಿನವನು ಕೇಳುತ್ತಿದ್ದಾನೆಂಬ ಅರಿವು ಆ ಮಾತಿನಲ್ಲಿರುತ್ತದೆ. ನಡುವೆ ಭಾಗವತರು ಹಾಕುವ ‘ಹೌದೆ?’, ‘ಹೂಂ’ ಎಂಬ ಸಣ್ಣ ಒತ್ತಾಸೆಗಳನ್ನು ಸದ್ದೆಂದು ಅಳಿಸಿಹಾಕುವ ಧ್ವನಿತಜ್ಞನು ಗೋಡೆಯ ಗಾರೆಯನ್ನು ಕೊಳೆಯೆಂದು ಕೆರೆದವನ ಜಾತಿ.

ಬೆಸುಗೆಯ ಮಾತು ಬಂದಿತಷ್ಟೆ. ಅದನ್ನು ಕೇಳಿ ತಿಳಿಯುವ ದಾರಿ ಕಷ್ಟದ್ದಲ್ಲ. ಪದದ ಕೊನೆಯ ಅಕ್ಷರ ನಿಂತ ಸ್ಥಾಯಿಯನ್ನು ಗಮನಿಸಬೇಕು. ಮಾತು ಅದರ ಆಸುಪಾಸಿನಿಂದಲೇ ಮೇಲೆದ್ದರೆ ಕಂಠ ಬದಲಾದದ್ದು ತಿಳಿಯುವುದೇ ಇಲ್ಲ. ಒಳ್ಳೆಯ ಅರ್ಥಧಾರಿಯ ಕಿವಿ ಸದಾ ಶ್ರುತಿಯ ಮೇಲಿರುತ್ತದೆ. ಕೆಟ್ಟ ಮುದ್ರಿಕೆಯಲ್ಲಿ ಭಾಗವತರು ಹಾಡಿದ್ದು ಒಂದು ದಿನ, ಅರ್ಥ ಹೇಳಿದ್ದು ಮತ್ತೊಂದು ದಿನ. ಎರಡನ್ನೂ ಅಂಟು ಹಾಕಿ ಕೂಡಿಸಿದ್ದು ಮೂರನೆಯ ದಿನ. ಪದದಲ್ಲಿ ಸಿಡಿಲಿನಂತಿದ್ದ ಕೋಪ ಮಾತಿಗೆ ಬರುವಾಗ ಸಭಾಧ್ಯಕ್ಷರ ಸ್ವಾಗತಭಾಷಣವಾಗಿರುತ್ತದೆ.

ದೂರದ ಮಾತನ್ನೂ ಹೇಳಬೇಕು. ಬಯಲಿನಲ್ಲಿ ಬಣ್ಣದ ವೇಷ ಬರುವ ಮೊದಲು ಅದರ ಕೂಗು ಬರುತ್ತದೆ. ಚೌಕಿಯ ಕಡೆಯಿಂದ, ಕತ್ತಲೆಯೊಳಗಿಂದ ಆ ಅಟ್ಟಹಾಸ ಕೇಳಿದೊಡನೆ ಮುಂದೆ ಕುಳಿತ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ರಕ್ಕಸ ಇನ್ನೂ ಕಂಡಿಲ್ಲ; ಆದರೂ ಅರ್ಧ ಕೆಲಸ ಮುಗಿದಿದೆ. ಬಿಜೆಗೂ ಈ ಗುಟ್ಟು ಗೊತ್ತಿತ್ತು: ಎರಡನೆಯ ಅಂಕದಲ್ಲಿ ಹೋಸೆಯ ಹಾಡು ವಾದ್ಯವಿಲ್ಲದೆ ದೂರದಿಂದ ಕೇಳಿಬಂದು ಹತ್ತಿರವಾಗುತ್ತದೆ, ಕೊನೆಯ ಅಂಕದಲ್ಲಿ ಕೊಲೆ ನಡೆಯುವಾಗ ಗೂಳಿಕಾಳಗದ ಜಯಘೋಷ ಗೋಡೆಯಾಚೆಯಿಂದ ಬರುತ್ತದೆ. ಪಾಶ್ಚಾತ್ಯ ಸ್ಟುಡಿಯೋಗಳಲ್ಲಿ ಇದಕ್ಕಾಗಿ ಹಾಡುವವರನ್ನು ಮೈಕಿನಿಂದ ದೂರ ನಿಲ್ಲಿಸುತ್ತಾರೆ, ನಡೆಸುತ್ತಾರೆ. ಇಲ್ಲಿಯ ಮುದ್ರಿಕೆಗಳಲ್ಲಿ ರಕ್ಕಸನೂ ಋಷಿಯೂ ಒಂದೇ ಮೈಕಿನ ಮುಂದೆ ಒಂದೇ ಅಳತೆಯಲ್ಲಿ ನಿಂತು ಕೂಗುವುದೇ ಹೆಚ್ಚು. ರಕ್ಕಸನನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಲು ಖರ್ಚೇನೂ ಇಲ್ಲ.

ಹಾಡು ನಾಟಕದಿಂದ ಬಿಡಿಸಿಕೊಂಡು ಹೊರಡುವುದು ಯಕ್ಷಗಾನದಲ್ಲಿ ಮಾತ್ರ ಕಂಡ ಸಂಗತಿಯೂ ಅಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಗಾಗಿ ಬಿ. ವಿ. ಕಾರಂತರು ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ವನ್ನು ಆಡಿಸಿದರು. ಕನ್ನಡದ ಗೀತನಾಟಕವೆಂದರೆ ಮೊದಲು ನೆನಪಿಗೆ ಬರುವ ಕೃತಿ ಅದು. ಕಾರಂತರ ರಂಗಗೀತೆಗಳನ್ನು ಇಂದು ಕಛೇರಿಯಲ್ಲಿ ಹಾಡುವವರೂ ಕೇಳುವವರೂ ಬಹಳ. ಯಾವ ಪಾತ್ರ, ಯಾವ ಸಂದರ್ಭ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಆದರೂ ನಾಟಕದ ಪಠ್ಯ ಅಚ್ಚಿನಲ್ಲಿದೆ. ಬೇಕೆಂದವರು ಮತ್ತೆ ತೆರೆದು ಆಡಿಸಬಹುದು. ಯಕ್ಷಗಾನದ ಅರ್ಥಕ್ಕೆ ಆ ಭದ್ರತೆಯೂ ಇಲ್ಲ. ಅಚ್ಚಾಗುವುದು ಪದಗಳು ಮಾತ್ರ. ಮುದ್ರಿಕೆಯಲ್ಲಿ ಉಳಿಯದ ಮಾತು ಅಂದಿನ ರಾತ್ರಿಯೊಡನೆಯೇ ಹೋಯಿತು.

ಈಗ ಕ್ಯಾಸೆಟ್ಟಿನ ಕಾಲ ಕಳೆದು ಬಹಳ ವರ್ಷಗಳಾದವು. ಕಿಸೆಯ ಫೋನಿನಲ್ಲಿ ಹತ್ತು ರಾತ್ರಿಗಳ ಆಟವನ್ನು ತುಂಬಿಡಬಹುದು. ಬದಿ ತಿರುಗಿಸುವ ಗೊಡವೆಯಿಲ್ಲ. ಕತ್ತರಿಸಲು ಇದ್ದ ಕಾರಣ ಹೋಯಿತು, ಕತ್ತರಿಸುವ ಚಾಳಿ ಮಾತ್ರ ನಿಂತಿತು. ಒಂದೊಂದು ಪದವೂ ಐದು ನಿಮಿಷದ ಬಿಡಿ ತುಣುಕಾಗಿ ಮನೆಗೆ ಬರುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬೆಳೆಯುವ ಹೊಸನಗರದ ಹುಡುಗನಿಗೆ ಯಕ್ಷಗಾನವೆಂದರೆ ಅದೇ. ಅಜ್ಜನ ಮನೆಯಲ್ಲಿ ಪೂರ್ಣ ಮುದ್ರಿಕೆಯೊಂದನ್ನು ಹಾಕಿದರೆ, ಮಾತು ಬಂದೊಡನೆ ಅವನ ಬೆರಳು ಮುಂದಕ್ಕೆ ಓಡಿಸುವ ಗುಂಡಿಯ ಮೇಲೆ. “ಕರ್ಣನ ಬಾಯಿ ಕಟ್ಟಿ ಕರ್ಣಪರ್ವ ಕೇಳ್ತೀಯೇನೋ ಮಾಣಿ?” ಎಂದು ಅಜ್ಜ ರೇಗಿದರೆ ಅದರಲ್ಲಿ ತಪ್ಪೇನಿದೆ? ಭಾಗವತಿಕೆ ಕಲಿಯಲು ಹೊರಟ ತರುಣರ ಪಾಡೂ ಹೀಗೆಯೇ ಆಗುತ್ತಿದೆ. ಐದು ನಿಮಿಷದ ತುಣುಕಿನಿಂದ ನಾವಡರ ಏರುಕಂಠವನ್ನು ಅಣಕಿಸಲು ಬರುತ್ತದೆ. ಪಾತ್ರಧಾರಿಯ ಮಾತು ಎಲ್ಲಿ ಬತ್ತುತ್ತಿದೆ, ಎಲ್ಲಿ ಪದವೆತ್ತಿ ಅವನನ್ನು ಕಾಯಬೇಕು ಎಂಬ ವಿದ್ಯೆ ಅದರಲ್ಲಿಲ್ಲ. ಅದು ಮಾತಿನ ಪಕ್ಕದಲ್ಲಿ ರಾತ್ರಿಗಟ್ಟಲೆ ಕುಳಿತವರಿಗೆ ಮಾತ್ರ ಬರುವಂಥದು.

ಹೊಸ ಮುದ್ರಿಕೆಯನ್ನು ಕೊಳ್ಳುವವರು ಮೊದಲು ನೋಡಬೇಕಾದ್ದು ಹೊದಿಕೆಯ ಮೇಲಿನ ಹೆಸರುಗಳನ್ನು. ಭಾಗವತರ ಹೆಸರು ದಪ್ಪಕ್ಷರದಲ್ಲಿದ್ದು ಅರ್ಥಧಾರಿಗಳ ಹೆಸರೇ ಇಲ್ಲದಿದ್ದರೆ ಒಳಗೆ ಏನಿದೆಯೆಂದು ಊಹಿಸಬಹುದು. ಕೇಳುವಾಗ ಸದ್ದನ್ನು ತುಸು ಇಳಿಸಿಡುವುದು ಲೇಸು. ಹಿಮ್ಮೇಳದ ಸಮತೂಕ ಚೆನ್ನಾಗಿದ್ದರೆ ಇಳಿಸಿದ ಸದ್ದಿನಲ್ಲಿಯೂ ಮಾತು ಸ್ಪಷ್ಟವಾಗಿ ಕೇಳುತ್ತದೆ. ಚಂಡೆಯೊಂದೇ ಕೇಳುವಂತಿದ್ದರೆ ಅಂಗಡಿಯವನಿಗೆ ಹಿಂದಿರುಗಿಸುವುದೇ ವಾಸಿ. ಮೊದಲ ಸಲ ನಡುವೆ ನಿಲ್ಲಿಸದೆ, ಒಂದು ಸಂಧಿಯನ್ನಾದರೂ ಮಾತುಸಹಿತ ಪೂರ್ತಿ ಕೇಳಬೇಕು. ಪ್ರಸಂಗ ಯಾವುದಾದರೂ ಆಗಬಹುದು. ಪರೀಕ್ಷೆಗೆ ವಾಲಿವಧೆ ಚೆನ್ನು, ಏಕೆಂದರೆ ಅಲ್ಲಿ ಬಿದ್ದವನು ಮಾತನಾಡುತ್ತಾನೆ. ಎದೆಗೆ ಬಾಣ ನಾಟಿದವನ ಉಸಿರು ಮಾತಿನ ನಡುವೆ ಕೇಳುತ್ತದೆಯೇ, ಅವನ ಪ್ರಶ್ನೆಗೆ ರಾಮ ಉತ್ತರಿಸುವ ಮುಂಚೆ ಒಂದು ಕ್ಷಣ ಮದ್ದಳೆಯೂ ಮೌನವಾಗುತ್ತದೆಯೇ ಎಂದು ಗಮನವಿಟ್ಟು ಕೇಳಿದರೆ ಸಾಕು.